ಕಪ್ಪು ಗಾಜು, ಮೇಲಿನ ಮೊರ

ನನಗೆ ಕಾಯುವುದಕ್ಕೆ ಬರುವುದಿಲ್ಲ. ಕುಕ್ಕರ್ ಸೀಟಿ ಹಾಕುವ ತನಕ ಒಲೆಯ ಮುಂದೆ ನಿಲ್ಲಲಾರೆ. ಬಸ್ಸು ತಡವಾದರೆ ಮುಂದಿನ ಸ್ಟಾಪಿಗೆ ನಡೆದೇ ಹೊರಡುತ್ತೇನೆ, ಎಷ್ಟೋ ಸಲ ನಡುದಾರಿಯಲ್ಲಿ ಅದೇ ಬಸ್ಸು ನನ್ನನ್ನು ದಾಟಿಕೊಂಡು ಹೋಗಿದೆ. "ಕಾಲಿಗೆ ಚಕ್ರ ಕಟ್ಕಂಡೇ ಹುಟ್ಟೀಯ ನೀನು" ಅಂತ ಅಮ್ಮ ಬೈಯುತ್ತಿದ್ದಳು. ಇಂಥವಳು ಹೋಗಿ ಹೋಗಿ ಹರಿಯುವ ನೀರಿನ ಫೋಟೋ ತೆಗೆಯುವ ಹುಚ್ಚು ಹಚ್ಚಿಕೊಂಡೆ. ಅದರಲ್ಲಿ ತೆಗೆಯುವುದು ಕಡಿಮೆ, ಕಾಯುವುದೇ ಹೆಚ್ಚು.

ಕಸುಬಿನಿಂದ ನಾನು ಮದುವೆ ಫೋಟೋಗ್ರಾಫರ್. ಶಿಕಾರಿಪುರದಲ್ಲಿ ಅಪ್ಪ ಇಟ್ಟಿದ್ದ ಸ್ಟುಡಿಯೋ ಈಗ ನನ್ನದು, ಅದರ ಮೇಲಿನ ಎರಡು ಕೋಣೆಯೇ ಮನೆ. ಸುತ್ತಲ ಹಳ್ಳಿಗಳ ಮದುವೆಗಳನ್ನೆಲ್ಲ ಹಿಡಿದವಳು ನಾನು, ನನ್ನನ್ನು ಮಾತ್ರ ಯಾರಿಗೂ ಹಿಡಿಯಲಾಗಲಿಲ್ಲ. "ಧಾರೆ ಮುಗಿಯೋ ತನಕ ಒಂದೇ ಕಡೆ ಕೂತಿರಬೇಕಲ್ಲ, ನಿನ್ನ ಕೈಲೆಲ್ಲಿ ಆಗ್ತದೆ" ಅಂತ ಅಕ್ಕ ರೇಗಿಸುತ್ತಾಳೆ. ಮದುವೆಮನೆ ನನ್ನ ಸ್ವಭಾವಕ್ಕೆ ಹೇಳಿ ಮಾಡಿಸಿದ ಜಾಗ. ಅಜ್ಜೀ ಇಲ್ಲಿ ನೋಡ್ರಿ, ಆ ಮಗೂನ ಸ್ವಲ್ಪ ಎತ್ಕಳ್ರಿ, ಮಾವಾ ನೀವು ನಕ್ಕರೆ ಗಂಟೇನೂ ಹೋಗಲ್ಲ ನಗ್ರಿ ಅಂತ ಬೆಳಗಿನಿಂದ ಊಟದವರೆಗೆ ಕುಣಿಯುತ್ತಿದ್ದರಾಯಿತು.

ಕಪ್ಪು ಗಾಜು ನನ್ನ ಮನೆಗೆ ಬಂದದ್ದು ಕೆಲವು ಮಳೆಗಾಲಗಳ ಹಿಂದೆ. ಅದರ ನಿಜವಾದ ಹೆಸರು ಎನ್‌ಡಿ ಫಿಲ್ಟರ್. ಲೆನ್ಸಿನ ಬಾಯಿಗೆ ತಿರುಗಿಸಿ ಕೂರಿಸುವ ದುಂಡನೆಯ ಗಾಜು, ಗ್ರಹಣ ನೋಡುವ ಕನ್ನಡಕದಷ್ಟು ಕಪ್ಪು. ಅದನ್ನು ಹಾಕಿದರೆ ಕ್ಯಾಮೆರಾಕ್ಕೆ ಹಗಲೇ ಕತ್ತಲು. ಬೆಳಕು ತೊಟ್ಟುತೊಟ್ಟಾಗಿ ಒಳಗೆ ಇಳಿಯುವುದರಿಂದ ಶಟರನ್ನು ಬಹಳ ಹೊತ್ತು ತೆರೆದೇ ಇಡಬೇಕು. ಅಷ್ಟು ಹೊತ್ತಿನಲ್ಲಿ ಕಲ್ಲು ಕಲ್ಲಾಗಿಯೇ ಉಳಿಯುತ್ತದೆ, ಓಡುವ ನೀರು ಮಾತ್ರ ಹಾಲಿನ ಕೆನೆಯ ಹಾಗೆ ನಯವಾಗಿಬಿಡುತ್ತದೆ. ಇದನ್ನು ಅಕ್ಕನಿಗೆ ಹೇಳಿದಾಗ ಅವಳು ಗಾಜನ್ನು ಕಿಟಕಿಗೆ ಹಿಡಿದು ನೋಡಿ, "ಅಲ್ಲ ಮಾರಾಯ್ತಿ, ಛತ್ರದಲ್ಲಿ ಬೆಳಕು ಸಾಲಲ್ಲ ಅಂತ ಎಲ್ಲರ ಮೇಲೆ ಹಾರಾಡ್ತೀಯ. ಇರೋ ಬೆಳಕು ತಡೆಯೋಕೆ ದುಡ್ಡು ಕೊಟ್ಟು ಗಾಜು ತಂದ್ಯಾ?" ಅಂದಳು. ಅವತ್ತಿನಿಂದ ಅದಕ್ಕೆ ನಮ್ಮಲ್ಲಿ ಕಪ್ಪು ಗಾಜು ಅಂತಲೇ ಹೆಸರು.

ಅಕ್ಕ ನನಗಿಂತ ಆರು ವರ್ಷಕ್ಕೆ ದೊಡ್ಡವಳು. ಸೊರಬ ತಾಲೂಕಿನ ಹಳ್ಳಿಯೊಂದಕ್ಕೆ ಕೊಟ್ಟಿದ್ದಾರೆ. ಭತ್ತ, ಶುಂಠಿ, ಎರಡು ಎಮ್ಮೆ, ಭಾವ, ಇಷ್ಟು ಅವಳ ಸಂಸಾರ. ಅಲ್ಲಿಗೆ ಹೋದಮೇಲೆ ಮಾತಿಗೆ ಮೊದಲು "ಎಂತ" ಅನ್ನುವುದನ್ನು ಕಲಿತಳು, ಉಳಿದಂತೆ ಚೂರೂ ಬದಲಾಗಲಿಲ್ಲ. ಅಕ್ಕಿ ಆರಿಸಲು ಕೂತಳೆಂದರೆ ಮೊರದ ಕೊನೆಯ ಕಲ್ಲು ಸಿಗುವವರೆಗೆ ಏಳುವವಳಲ್ಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಅಂತ ನಮ್ಮನ್ನು ಯಾರೂ ನಂಬುವುದಿಲ್ಲ.

ನೀರು ಹುಡುಕಿಕೊಂಡು ಹೋಗುವಾಗ ಅವಳೇ ನನ್ನ ಜೊತೆಗಾತಿ. ಸೊರಬದಲ್ಲಿ ದಂಡಾವತಿಯ ದಂಡೆ, ನಮ್ಮೂರ ಕುಮುದ್ವತಿ ಹೊಳೆ, ತೊಗರ್ಸಿಯ ದಾರಿಯ ಹಳ್ಳಗಳು, ಎಲ್ಲ ಕಡೆ ಟ್ರೈಪಾಡ್ ಊರಿ ಬೈಸಿಕೊಂಡಿದ್ದೇನೆ. ಮೊದಮೊದಲು ತೆಗೆದದ್ದೆಲ್ಲ ಹಾಳು. ಲೆನ್ಸಿನ ಮುಂದೆ ಹುಡ್ ಹಾಕುತ್ತೇವೆ, ಟೋಪಿಯ ಅಂಚಿನ ಹಾಗೆ, ಪಕ್ಕದ ಬಿಸಿಲು ಗಾಜಿಗೆ ಬಡಿಯಬಾರದು ಅಂತ. ನನ್ನ ಕಪ್ಪು ಗಾಜು ಲೆನ್ಸಿಗಿಂತ ದೊಡ್ಡದು, ನಡುವೆ ಒಂದು ಬಳೆ ಕೊಟ್ಟು ಕೂರಿಸಿದ್ದೆ, ಹಾಗಾಗಿ ಹುಡ್ ಕೂರುತ್ತಿರಲಿಲ್ಲ. ಒತ್ತಾಯ ಮಾಡಿ ಕಟ್ಟಿದರೆ ಫೋಟೋದ ನಾಲ್ಕು ಮೂಲೆಗೂ ಕಪ್ಪು ಕಿವಿ. ಬಿಟ್ಟರೆ ಬಿಸಿಲು ಬಡಿದು ಇಡೀ ಚಿತ್ರ ಮಜ್ಜಿಗೆ ಚೆಲ್ಲಿದ ಹಾಗೆ ಬೆಳ್ಳಗೆ. ಕೊನೆಗೆ ಅಕ್ಕ ಛತ್ರಿ ಬಿಚ್ಚಿ ಕ್ಯಾಮೆರಾದ ಪಕ್ಕ ಹಿಡಿದಳು. "ನನ್ನ ಮದುವೇಲೂ ಇಷ್ಟು ಹೊತ್ತು ಯಾರೂ ಛತ್ರಿ ಹಿಡೀಲಿಲ್ಲ" ಅಂದಳು. ಅವತ್ತೇ ಮೊದಲ ಸಲ ಒಂದು ಫೋಟೋ ನೆಟ್ಟಗೆ ಬಂತು.

ಕಪ್ಪು ಗಾಜಿನ ಕೆಲಸಕ್ಕೆ ಒಂದು ಕ್ರಮ ಇದೆ. ಗಾಜು ಹಾಕುವ ಮೊದಲೇ ಎಲ್ಲ ನೋಡಿಕೊಂಡು, ಕಲ್ಲಿನ ಮೇಲೆ ಫೋಕಸ್ ಕೂರಿಸಿ, ಲೆನ್ಸಿಗೆ ಮತ್ತೆ ಕೈ ತಾಗದಂತೆ ಬಿಡಬೇಕು. ಆಮೇಲೆ ಗಾಜು. ಗಾಜು ಹಾಕಿದಮೇಲೆ ಕ್ಯಾಮೆರಾಕ್ಕೂ ಕಾಣುವುದಿಲ್ಲ, ನಮಗೂ ಕಾಣುವುದಿಲ್ಲ. ಶಟರ್ ಬಿಟ್ಟು ಸುಮ್ಮನೆ ನಿಲ್ಲಬೇಕು. ಮುಚ್ಚಿದ ಮೇಲೂ ಬಿಡುಗಡೆಯಿಲ್ಲ, ತೆರೆದಿದ್ದಷ್ಟೇ ಹೊತ್ತು ಕ್ಯಾಮೆರಾ ಒಳಗೊಳಗೇ ಚಿತ್ರವನ್ನು ಶುಚಿ ಮಾಡುತ್ತ ಕೂರುತ್ತದೆ. ಆಮೇಲೆ ತೋರಿಸುತ್ತದೆ, ಏನು ಬಂದಿದೆ ಅಂತ. ಅಷ್ಟರಲ್ಲಿ ನಾನು ಉಗುರು ಕಚ್ಚಿ ಮುಗಿಸಿರುತ್ತೇನೆ.

ಹೋದ ವರ್ಷ ಮಳೆ ಜೋರಾಗಿದ್ದಾಗ ಅಕ್ಕ ಒಬ್ಬಳೇ ಬಸ್ಸಿಳಿದು ಸ್ಟುಡಿಯೋಗೆ ಬಂದಳು. ಬಟ್ಟೆಯ ಚೀಲ ಕೆಳಗಿಡದೆಯೇ, "ಬಾಗಿಲು ಹಾಕೇ, ಒಂದು ತೋರಿಸಬೇಕು" ಅಂದಳು. ಎಡ ಎದೆಯಲ್ಲಿ ಒಂದು ಗಂಟು. ಕಡಲೆಕಾಳಿಗಿಂತ ದೊಡ್ಡದು, ಒತ್ತಿದರೆ ನೋವಿಲ್ಲ. ಯಾವಾಗಿನಿಂದ ಅಂದರೆ, ನಾಟಿ ಶುರುವಾಗುವ ಮೊದಲಿನಿಂದ ಅಂದಳು. ನಾಟಿ ಮುಗಿಯಲಿ ಅಂತ ಕಾದಳಂತೆ! ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಗದ್ದೆ ಓಡಿಹೋಗ್ತಿತ್ತೇನೇ?" ಅಂತ ಕೂಗಿದೆ. ಅವಳು ಸೆರಗು ಸರಿಮಾಡಿಕೊಂಡು, "ಕೂಗಬೇಡ, ಹೊರಗೆ ಪಾಸ್‌ಪೋರ್ಟ್ ಫೋಟೋಕ್ಕೆ ಯಾರೋ ಕಾಯ್ತಿದಾರೆ" ಅಂದಳು.

ಮರುದಿನವೇ ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ನೋಡಿದರು, ಸೂಜಿ ಹಾಕಿ ಒಂದು ಎಳೆ ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬಂದಮೇಲೆ ಫೋನ್ ಮಾಡುತ್ತೇವೆ ಅಂದರು. ನನ್ನ ನಂಬರ್ ಕೊಟ್ಟೆವು, ಏಕೆಂದರೆ ಭಾವನಿಗೆ ಹೇಳಿರಲಿಲ್ಲ. ಭಾವ ಒಳ್ಳೆಯವರು, ಆದರೆ ಹೆದರುಪುಕ್ಕಲು. ಕರು ಎರಡು ಸಲ ಕೆಮ್ಮಿದರೆ ಅನ್ನ ಬಿಡುವ ಮನುಷ್ಯ. "ನಿಶ್ಚಯ ಆಗದೆ ಅವರ ಕಿವಿಗೆ ಹಾಕಬೇಡ. ಹಲ್ಲು ನೋವು, ತಂಗಿ ಮನೇಲಿದ್ದು ತೋರಿಸ್ಕಂತೀನಿ ಅಂತ ಹೇಳಿ ಬಂದೀನಿ" ಅಂದಳು ಅಕ್ಕ.

ಹಲ್ಲಿನ ಕಥೆ ನಮ್ಮ ಪ್ರಾಣ ತಿಂದಿತು. ಭಾವ ಬೆಳಿಗ್ಗೆ ಸಂಜೆ ವಿಡಿಯೋ ಕಾಲ್ ಮಾಡಿ, "ಎಂತ ಆಯ್ತೇ, ಕಿತ್ತರಾ? ಲವಂಗ ಇಟ್ಕಂಡ್ಯಾ?" ಅಂತ ಕೇಳುತ್ತಿದ್ದರು. ಅಕ್ಕ ಕೆನ್ನೆಗೆ ಕೈ ಹಿಡಿದು ಮುಖ ಹುಳ್ಳಗೆ ಮಾಡುತ್ತಿದ್ದಳು. ಒಂದು ಸಂಜೆ ಭಾವ, "ನಿನ್ನೆ ಆ ಕಡೆ ಕೆನ್ನೆ ಇತ್ತಲ್ಲೇ?" ಅಂದುಬಿಟ್ಟರು. ಅಕ್ಕ ತಡವರಿಸದೆ, "ಒಂದಕ್ಕೆ ಹಿಡಿದದ್ದು ಇನ್ನೊಂದಕ್ಕೂ ಹಬ್ಬಿದೆ" ಅಂದಳು. ಫೋನ್ ಇಟ್ಟಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗು ನಿಂತಾಗ ಅವಳು ಹೇಳಿದ್ದೇನು ಅಂತ ಇಬ್ಬರಿಗೂ ತಟ್ಟಿತು, ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಆ ದಿನಗಳನ್ನು ನಾನು ಹೇಗೆ ಕಳೆದೆನೋ. ಫೋನನ್ನು ಕೈಯಿಂದ ಕೆಳಗಿಡಲಿಲ್ಲ. ಸ್ನಾನಕ್ಕೆ ಹೋಗುವಾಗ ಬಕೆಟ್ಟಿನ ಪಕ್ಕ ಸ್ಟೂಲು ಹಾಕಿ ಇಟ್ಟುಕೊಂಡೆ. ಸಾಲ ಬೇಕೇ ಅಂತ ಯಾವಳೋ ಫೋನ್ ಮಾಡಿದರೆ ಅವಳ ಜನ್ಮ ಜಾಲಾಡಿದೆ. ಶಿವಮೊಗ್ಗಕ್ಕೆ ನಾನೇ ಫೋನ್ ಮಾಡಿ ಮಾಡಿ, ಕೊನೆಗೆ ಅಲ್ಲಿಯ ನರ್ಸ್ ನನ್ನ ದನಿ ಕೇಳಿದ ಕೂಡಲೇ, "ಇನ್ನೂ ಬಂದಿಲ್ಲ ಮೇಡಂ" ಅನ್ನತೊಡಗಿದಳು. ಅಕ್ಕ ಮಾತ್ರ ನನ್ನ ಅಡುಗೆಮನೆಯ ಡಬ್ಬಗಳನ್ನೆಲ್ಲ ಇಳಿಸಿ ತೊಳೆದು ಬಿಸಿಲಿಗಿಟ್ಟಳು. ಬಿಸಿಲೇ ಇರಲಿಲ್ಲ. ಒರೆಸಿ ಮತ್ತೆ ಒಳಗಿಟ್ಟಳು.

ಅಷ್ಟರಲ್ಲಿ ಅಂಬ್ಲಿಗೊಳ ಡ್ಯಾಮ್ ಕೋಡಿ ಬಿದ್ದ ಸುದ್ದಿ ಬಂತು. ನೀರು ತುಂಬಿ ಕೋಡಿಯ ಮೇಲೆ ಹರಿದರೆ ನಮ್ಮ ಕಡೆ ಎಲ್ಲರ ಮನೆಯಲ್ಲೂ ಅದೇ ಮಾತು. ನೋಡಿ ಬರಲು ಗಾಡಿ ಕಟ್ಟಿಕೊಂಡು ಹೋಗುತ್ತಾರೆ, ಹೆಂಗಸರು ನೀರಿಗೆ ಬಾಗಿನ ಕೊಡುತ್ತಾರೆ. "ಇಲ್ಲಿ ಕೂತರೆ ನಾನು ಹುಚ್ಚಿ ಆಗ್ತೀನಿ, ಹೋಗಣ ನಡಿ" ಅಂದೆ. ಅಕ್ಕ ಒಂದು ಕ್ಷಣ ಯೋಚಿಸಿ, "ಹೋಗೋದಾದರೆ ಬರಿಗೈಲಿ ಬೇಡ" ಅಂದಳು. ಮೇದಾರರ ಅಂಗಡಿಗೆ ಹೋಗಿ ಒಂದು ಜೊತೆ ಚಿಕ್ಕ ಮೊರ ತಂದಳು. ಬಾಗಿನದ ಮೊರವನ್ನು ಒಂಟಿಯಾಗಿ ಮಾರುವುದಿಲ್ಲ, ಕೆಳಗೊಂದು, ಮೇಲೆ ಮುಚ್ಚಲು ಒಂದು. ಕೆಳಗಿನ ಮೊರಕ್ಕೆ ಅರಿಶಿನ ಹಚ್ಚಿ ಅಕ್ಕಿ, ಬೇಳೆ, ಬೆಲ್ಲ, ಕೊಬ್ಬರಿ, ಹಸಿರು ಬಳೆ, ರವಿಕೆ ಕಣ, ಪುಟ್ಟ ಕನ್ನಡಿ ಜೋಡಿಸಿದಳು. ಒಂದೊಂದನ್ನೂ ಇಟ್ಟು, ತೆಗೆದು, ಮತ್ತೆ ಇಟ್ಟಳು. ಹೊರಗೆ ನಾನು ಸ್ಕೂಟಿ ಸ್ಟಾರ್ಟ್ ಮಾಡಿ ಹಾರ್ನ್ ಹೊಡೆಯುತ್ತಿದ್ದೆ. ಈ ಅವಸರದಲ್ಲಿ ಛತ್ರಿ ಬಾಗಿಲ ಹಿಂದೆಯೇ ಉಳಿಯಿತು.

ನಾವು ಮುಟ್ಟುವಾಗ ಸಂಜೆ ಇಳಿಯುತ್ತಿತ್ತು. ಜೋಳ ಸುಡುವವನ ಸುತ್ತ ನಾಲ್ಕು ಜನ, ಕೋಡಿಯ ಮೇಲೆ ನೀರು ಒಂದೇ ಸಮ ಬೀಳುವ ಸದ್ದು. ಅದರ ಕೆಳಗೆ ಪಕ್ಕಕ್ಕೆ, ಪಾದ ಮುಳುಗುವಷ್ಟು ನೀರು ಹರಡಿಕೊಂಡು ಹೋಗುವ ಒಂದು ಹಾಸುಬಂಡೆ ಇದೆ. ಅದು ಮುಂದೆ ಬರುವಂತೆ ಟ್ರೈಪಾಡ್ ಊರಿದೆ. ನೀರಿನ ಮೇಲಿನ ಹೊಳಪು ಅಳಿಸುವ ಇನ್ನೊಂದು ಫಿಲ್ಟರ್ ಇದೆ, ಪೋಲರೈಸರ್. ಮೊದಲು ಅದನ್ನು ಹಾಕಿ ಉಂಗುರ ತಿರುಗಿಸಿದೆ. ಹೊಳಪು ಹೋಗಿ ಅಡಿಯ ಕಲ್ಲು, ಪಾಚಿ, ಯಾರೋ ಎಸೆದ ಗುಟ್ಕಾ ಚೀಟಿ ಎಲ್ಲ ಕಂಡವು. ಚೀಟಿ ಎಸೆದವನಿಗೆ ಸಹಸ್ರನಾಮ ಮಾಡುತ್ತ ಹೆಕ್ಕಿ ಜೇಬಿಗೆ ಹಾಕಿಕೊಂಡೆ. ಫೋಕಸ್ ಕೂರಿಸಿ, ಕಪ್ಪು ಗಾಜು ತಿರುಗಿಸಿದೆ. ಸರಿಯಾಗಿ ಆಗಲೇ ಮೋಡದ ಕೆಳಗಿನಿಂದ ಸೂರ್ಯ ಇಣುಕಿ ಪಕ್ಕದಿಂದ ಗಾಜಿಗೆ ಬಡಿಯಿತು.

"ಅಕ್ಕಾ, ಛತ್ರಿ!"

"ನೀನು ಹಾರ್ನ್ ಹೊಡಿತಿದ್ಯಲ್ಲ, ಆ ಹಾರ್ನನ್ನೇ ಹಿಡಿ ಈಗ" ಅಂದಳು.

ನಾನು ಸುತ್ತ ನೋಡಿದೆ. ಬಾಗಿನದ ಮೇಲಿನ ಮೊರ ಕಣ್ಣಿಗೆ ಬಿತ್ತು. ಕೈ ಹಾಕಿದೆ. "ಥೂ, ಬಿಡೇ! ಗಂಗಮ್ಮನಿಗೆ ಅಂತ ಅರಿಶಿನ ಹಚ್ಚಿದ್ದಕ್ಕೆ ಕೈ ಹಾಕ್ತೀಯಲ್ಲ!" ಅಂತ ಅಕ್ಕ ಚೀರಿದಳು. ನಾನೂ ಬಿಡಲಿಲ್ಲ. ಅವಳು ಒಂದು ಕಡೆ, ನಾನು ಒಂದು ಕಡೆ, ಇಷ್ಟು ವಯಸ್ಸಾದ ಇಬ್ಬರು ಹೆಂಗಸರು ಮೊರ ಎಳೆದಾಡುವುದನ್ನು ಜೋಳದವನು ಬೀಸಣಿಗೆ ನಿಲ್ಲಿಸಿ ನೋಡಿದ. ಅಕ್ಕನೇ ಸೋತಳು, ಯಾವತ್ತಿನ ಹಾಗೆ. "ನೆರಳಿಗೆ ತಾನೆ, ಹಿಡ್ಕಾ. ನಾನು ಸೆರಗು ಮುಚ್ಚಿ ಕೊಡ್ತೀನಿ. ಗಂಗಮ್ಮ ನಿನ್ನಷ್ಟು ಜಗಳಗಂಟಿ ಅಲ್ಲ" ಅಂದಳು.

ನಾನು ಮೊರವನ್ನು ಲೆನ್ಸಿನ ಪಕ್ಕ ಅಡ್ಡ ಹಿಡಿದೆ. ನೆರಳು ಸರಿಯಾಗಿ ಗಾಜಿನ ಮೇಲೆ ಬಿತ್ತು. ಶಟರ್ ಬಿಟ್ಟೆ. ಎರಡು ಮೂರು ನಿಮಿಷದ ಕೆಲಸ.

ಅಕ್ಕ ಕಾಯಲಿಲ್ಲ. ಜೀವಮಾನವಿಡೀ ಕಾದವಳು ಅವತ್ತು ಕಾಯಲಿಲ್ಲ. ಸೀರೆ ತುಸು ಎತ್ತಿ ಕಟ್ಟಿ, ಬಾಗಿನಕ್ಕೆ ಸೆರಗು ಮುಚ್ಚಿ, ಹಾಸುಬಂಡೆಯ ಮೇಲೆ ನೇರ ನನ್ನ ಚಿತ್ರದೊಳಕ್ಕೇ ನಡೆದಳು. "ಏಯ್, ತಡಿಯೇ!" ಅಂತ ಕೂಗಲು ಬಾಯಿ ತೆರೆದೆ. ಆಗ ಫೋನ್ ಹೊಡೆದುಕೊಂಡಿತು.

ನರ್ಸ್. "ರಿಪೋರ್ಟ್ ಬಂತು ಮೇಡಂ. ನಾಳೆ ಪೇಷೆಂಟನ್ನ ಕರ್ಕೊಂಡು ಬನ್ನಿ. ಅವರ ಯಜಮಾನ್ರೂ ಇರ್ಲಿ ಅಂದರು ಡಾಕ್ಟರು." ಏನಿದೆ ಅದರಲ್ಲಿ ಅಂದೆ. ಡಾಕ್ಟರೇ ಹೇಳ್ತಾರೆ ಅಂದಳು. "ನೋಡಮ್ಮ, ನೀನು ಈಗ ಅವರಿಗೆ ಫೋನ್ ಕೊಡದಿದ್ದರೆ ನಾನು ಇಲ್ಲಿಂದ ಹೀಗೇ ಹೊರಟು ಬಂದು ನಿಮ್ಮ ಮೆಟ್ಟಿಲ ಮೇಲೆ ಕೂರ್ತೀನಿ" ಅಂದೆ. ನೀರಿನ ಸದ್ದಿಗೆ ಕಿರುಚಬೇಕಾಗಿತ್ತು. ಡಾಕ್ಟರಮ್ಮನೇ ಬಂದರು. ಕ್ಯಾನ್ಸರ್ ಅಂದರು. ತೀರ ತಡವಾಗಿಲ್ಲ, ಆಪರೇಷನ್ ಮಾಡಬೇಕು, ಆಮೇಲೆ ಕೀಮೋ, ಚಿಕಿತ್ಸೆ ಇದೆ, ಧೈರ್ಯವಾಗಿ ಕರ್ಕೊಂಡು ಬನ್ನಿ ಅಂದರು. ನಾನು "ಸರಿ ಡಾಕ್ಟ್ರೇ" ಅಂದೆ.

ಎದುರಿಗೆ ಅಕ್ಕ ಬಗ್ಗಿ ಬಾಗಿನವನ್ನು ನೀರಿಗೆ ಬಿಡುತ್ತಿದ್ದಳು. ಮೊರ ಒಂದು ಸುತ್ತು ತಿರುಗಿತು, ಕಲ್ಲಿಗೆ ತಾಗಿ ನಿಂತು, ಬಿಡಿಸಿಕೊಂಡು ಹೋಯಿತು. ಅವಳು ನೀರು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಅಷ್ಟು ಹೊತ್ತೂ ಮೇಲಿನ ಮೊರ ಹಿಡಿದಿದ್ದ ನನ್ನ ಕೈ ಅಲುಗಾಡಲಿಲ್ಲ. ಇದು ನನಗೆ ಈಗಲೂ ಸೋಜಿಗ. ಕೂತಲ್ಲಿ ಕೂರದ ನಾನು ಕಲ್ಲಿನ ಹಾಗೆ ನಿಂತಿದ್ದೆ.

ಶಟರ್ ಮುಚ್ಚಿತು. ಅಕ್ಕ ಒದ್ದೆ ಕಾಲಲ್ಲಿ ಬಂದು ಎದುರು ನಿಂತಳು. "ಫೋನ್ ಬಂದಿದ್ದು ನೋಡಿದೆ. ಹೇಳು." ಬಣ್ಣ ಕಟ್ಟಿ ಹೇಳುವುದು ನನಗೆ ಗೊತ್ತಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದೆ. ಅವಳು ನನ್ನನ್ನು ನೋಡಲಿಲ್ಲ, ತನ್ನ ಪಾದ ನೋಡಿಕೊಂಡಳು. "ಹೂಂ" ಅಂದಳು. ಆಮೇಲೆ, "ಅವರಿಗೆ ಹೆಂಗೇ ಹೇಳೋದು?" ಅಂದಳು.

ಆಗ ಕ್ಯಾಮೆರಾದ ಹಿಂದಿನ ಪರದೆ ಬೆಳಗಿತು. ಅಂಥ ಫೋಟೋ ನಾನು ಅದಕ್ಕೆ ಮೊದಲು ತೆಗೆದಿರಲಿಲ್ಲ. ಕೋಡಿಯ ನೀರು ರೇಷ್ಮೆ ಹಾಸಿದ ಹಾಗೆ, ಬಂಡೆಯ ಒಂದೊಂದು ಗೀರೂ ಚೊಕ್ಕ, ಎಲ್ಲೂ ಬಿಸಿಲಿನ ಕಲೆಯಿಲ್ಲ. ಅಕ್ಕ ಇರಲಿಲ್ಲ. ನಡುಚಿತ್ರದಲ್ಲಿ ನಡೆದು ಹೋಗಿ, ಬಗ್ಗಿ, ಕೈ ಮುಗಿದು ಬಂದವಳ ಒಂದು ನೆರಳೂ ಇರಲಿಲ್ಲ. ಬಾಗಿನವೂ ಇರಲಿಲ್ಲ. ಕಪ್ಪು ಗಾಜು ಚಲಿಸುವವರನ್ನು ಉಳಿಸುವುದಿಲ್ಲ ಅಂತ ನನಗೇನು ಗೊತ್ತಿಲ್ಲವೇ? ದೇವಸ್ಥಾನದ ಮುಂದಿನ ಜನರನ್ನು ಹೀಗೆ ಬೇಕಂತಲೇ ಅಳಿಸಿದ್ದೇನೆ. ಆದರೂ ಪರದೆಗೆ ಕೈ ಅಡ್ಡ ಹಿಡಿದೆ. ಅವಳು ನನ್ನ ಕೈ ಸರಿಸಿ ನೋಡಿದಳು.

"ನಾನೆಲ್ಲೇ?"

"ಅದು ಹಂಗೇ ಅಕ್ಕಾ. ಓಡಾಡಿದೋರು ಇದರಲ್ಲಿ ಬರಲ್ಲ."

"ಅಷ್ಟು ಹೊತ್ತು ಅಲ್ಲೇ ಇದ್ದೆನಲ್ಲೇ ನಾನು."

ನನಗೆ ತಡೆಯಲಾಗಲಿಲ್ಲ. ಅಲ್ಲೇ, ಆ ಜೋಳದವನ ಎದುರಿಗೇ, ಹೋ ಅಂತ ಅತ್ತೆ. ಸಮಾಧಾನ ಹೇಳಬೇಕಾದವಳು ನಾನು, ಹೇಳಿದವಳು ಅವಳು. ಬೆನ್ನು ಸವರಿ, "ಅಯ್ಯೋ, ಸುಮ್ನಿರೇ. ಫೋಟೋದಲ್ಲಿ ಇಲ್ದಿದ್ರೆ ಎಂತ ಆಯ್ತು" ಅಂದಳು. ಅವಳ ಕಣ್ಣೂ ತುಂಬಿತ್ತು. ಆಗಲೇ ನನ್ನ ಕೈಯಲ್ಲಿನ ಮೊರ ಇಬ್ಬರಿಗೂ ಕಂಡದ್ದು. ಬಾಗಿನ ಅರ್ಧವೇ ಹೋಗಿತ್ತು. ಏನೋ ದೊಡ್ಡ ತಪ್ಪಾಗಿಹೋಯಿತು, ಇದರಿಂದಲೇ ಎಲ್ಲ ಆಯಿತು ಅನ್ನಿಸಿ, ಈಗಲೇ ಎಸೆದು ಬರುತ್ತೇನೆ ಅಂತ ನೀರಿನ ಕಡೆ ಓಡಿದೆ. ಅಕ್ಕ ಹಿಂದಿನಿಂದ ನನ್ನ ಜಡೆ ಹಿಡಿದು ನಿಲ್ಲಿಸಿದಳು, ಚಿಕ್ಕಂದಿನಲ್ಲಿ ಮಾಡುತ್ತಿದ್ದ ಹಾಗೆ.

"ಬಿಡು. ಅದು ಉಳೀಲಿ."

"ಉಳೀಲಿ ಅಂದರೆ?"

"ಮುಂದಿನ ಸಲ ಕೋಡಿ ಬಿದ್ದಾಗ ನಾನೇ ಬಂದು ಕೊಡ್ತೀನಿ. ಕೊಡೋದು ಬಾಕಿ ಇದ್ರೆ ಬರಲೇಬೇಕಲ್ಲ ಮಾರಾಯ್ತಿ."

ಆ ರಾತ್ರಿ ಫೋನಿನಲ್ಲೇ ಹೇಳಿದೆವು, ಭಾವ ಬೆಳಗಿನ ಮೊದಲ ಬಸ್ಸಿಗೇ ಬಂದರು. ಸ್ಟುಡಿಯೋದ ಮೆಟ್ಟಿಲ ಮೇಲೆ ಕೂತು, "ಹಲ್ಲು ಅಂದ್ರಲ್ರೀ, ಹಲ್ಲು ಅಂದ್ರಲ್ರೀ" ಅಂತ ಅದೊಂದನ್ನೇ ಹೇಳಿದರು. ಅವರ ಬಗ್ಗೆ ನಾವು ಎಣಿಸಿದ್ದು ತಪ್ಪಾಯಿತು. ಅತ್ತದ್ದು ಅವತ್ತೊಂದೇ ದಿನ. ಆಮೇಲೆ ಆಪರೇಷನ್ನಿಗೆ, ಪ್ರತಿ ಕೀಮೋಕ್ಕೆ, ಗದ್ದೆ ಎಮ್ಮೆ ಎಲ್ಲ ನೆರೆಯವರಿಗೆ ಒಪ್ಪಿಸಿ ಜೊತೆಗೆ ಬಂದವರು ಅವರೇ. ಅಕ್ಕ ವಾಂತಿ ಮಾಡಿಕೊಂಡರೆ ಬಕೆಟ್ ಹಿಡಿದರು, ಬಾಯಿ ಹುಣ್ಣಾದಾಗ ರಾಗಿ ಗಂಜಿ ತಣಿಸಿ ಕೊಟ್ಟರು. ನಾನೋ, ಆಸ್ಪತ್ರೆಯ ಕಾರಿಡಾರಿನಲ್ಲಿ ಆ ತುದಿಯಿಂದ ಈ ತುದಿಗೆ ತಿರುಗಿದೆ ಅಷ್ಟೆ. "ನಾದಿನಿಯವರೇ, ಸ್ವಲ್ಪ ಕೂತ್ಕಳ್ರೀ, ನೆಲ ಸವೆದೀತು" ಅನ್ನುತ್ತಿದ್ದರು.

ಆ ಫೋಟೋವನ್ನು ಅಳಿಸಿದೆ. ಕಪ್ಪು ಗಾಜನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನ ತಳಕ್ಕೆ ಹಾಕಿದೆ. ಮೊರವನ್ನು ಸ್ಟುಡಿಯೋದ ಗೋಡೆಗೆ ಮೊಳೆ ಹೊಡೆದು ನೇತುಹಾಕಿದೆ. ಪಾಸ್‌ಪೋರ್ಟ್ ಫೋಟೋಕ್ಕೆ ಬಂದವರು, "ಇದೇನ್ರೀ, ಅಡುಗೆಮನೇಲಿರೋದು ಇಲ್ಲಿ?" ಅಂತ ಕೇಳಿದರೆ, "ನೇರ ಕೂತ್ಕಳ್ರಿ, ಕತ್ತು ವಾರೆ ಆಗ್ತದೆ" ಅಂತ ಮಾತು ಹಾರಿಸಿದೆ.

ಅಕ್ಕನ ಕೂದಲೆಲ್ಲ ಉದುರಿತು. ಅವಳು ಫೋಟೋ ತೆಗೆಸಿಕೊಳ್ಳಲಿಲ್ಲ, ನಾನು ಕೇಳಲೂ ಇಲ್ಲ. ಬೇಸಿಗೆ ಹೇಗೋ ಕಳೆಯಿತು. ಚಿಕಿತ್ಸೆ ಮುಗಿಯಿತು, ಈಗ ಚೆನ್ನಾಗಿದೆ, ಆದರೆ ಆಗಾಗ ಬಂದು ತೋರಿಸುತ್ತಿರಬೇಕು ಅಂದರು ಡಾಕ್ಟರಮ್ಮ. ಎಷ್ಟು ವರ್ಷ ಅಂದೆ. ತೋರಿಸ್ತಾ ಇರಿ ಅಂದರು.

ಈ ವರ್ಷ ಮಳೆ ತಡವಾಯಿತು. ನಾನು ಎಲ್ಲೇ ಮದುವೆಯಿರಲಿ, ಬರುವಾಗ ಅಂಬ್ಲಿಗೊಳದ ಕಡೆ ಸ್ಕೂಟಿ ತಿರುಗಿಸಿ ನೀರು ನೋಡಿ ಬರುತ್ತಿದ್ದೆ. ಕೆಸರು ಮುಚ್ಚಿತು. ಮೇಲೆ ಕಾಣುತ್ತಿದ್ದ ಮರದ ಮೋಟು ಮುಳುಗಿತು. ಕೋಡಿಗೆ ಇನ್ನು ಒಂದು ಗೇಣು ಇರುವಾಗ ಮಳೆ ನಿಂತೇಹೋಯಿತು. ಒಂದು ಗೇಣು! ಬೆಳಿಗ್ಗೆ ಎದ್ದು ಆಕಾಶ ನೋಡಿ ಬೈಯುವುದೇ ಕೆಲಸವಾಯಿತು. ಕೋಡಿ ಬೀಳದಿದ್ದರೆ? ಬೀಳದ ವರ್ಷಗಳು ಎಷ್ಟು ಬಂದು ಹೋಗಿಲ್ಲ? ಬಿದ್ದರೂ ಅಷ್ಟರಲ್ಲಿ ಅಕ್ಕನಿಗೆ ಮತ್ತೇನಾದರೂ ಆದರೆ? ಗೋಡೆಯ ಮೇಲಿನ ಮೊರಕ್ಕೆ ಬೆನ್ನು ಹಾಕಿ ಕೂರತೊಡಗಿದೆ. ಒಂದು ದಿನ ಫೋನ್ ಮಾಡಿ, "ಅಕ್ಕಾ, ನೀರು ಇರೋ ಕಡೆ ಎಲ್ಲಾದರೂ ಕೊಟ್ಟುಬಿಡಣ, ಯಾವ ನೀರಾದರೇನು" ಅಂದೆ. "ಎಂತ ಅವಸರವೇ ನಿಂಗೆ? ಒಲೆ ಮೇಲೆ ಹಾಲಿದೆ, ಇಡ್ತೀನಿ" ಅಂತ ಫೋನ್ ಇಟ್ಟಳು.

ಆಮೇಲೆ ಎಡೆಬಿಡದೆ ಸುರಿಯಿತು. ಒಂದು ಬೆಳಿಗ್ಗೆ ಅಕ್ಕನದೇ ಫೋನ್. "ಕೋಡಿ ಬಿತ್ತಂತೆ. ಇವರ ಜೊತೆ ಬೈಕಲ್ಲಿ ಬರ್ತಿದೀನಿ. ಮೊರ ತಗಂಡು ಬಾ. ಆ ಕಪ್ಪು ಗಾಜು ತಂದೆಯೋ, ನಿನ್ನೇ ನೀರಿಗೆ ಹಾಕ್ತೀನಿ."

ಅವಳ ಕೂದಲು ಬೆರಳುದ್ದ ಬಂದಿತ್ತು, ಬೆಳ್ಳಗೆ, ಗುಂಗುರಾಗಿ. ಅದೇ ಹಾಸುಬಂಡೆ, ಅದೇ ಸದ್ದು. ಅಕ್ಕ ಹೊಸದೊಂದು ಬಾಗಿನ ಕಟ್ಟಿಕೊಂಡು ಬಂದಿದ್ದಳು. ಅಕ್ಕಿ, ಬೇಳೆ, ಬಳೆ, ಎಲ್ಲ ಕೆಳಗಿನ ಮೊರದಲ್ಲಿ ಜೋಡಿಸಿ ನನ್ನ ಕಡೆ ಕೈ ಚಾಚಿದಳು. "ಎಲ್ಲಿ, ಹಳೇದು ಕೊಡು." ವರ್ಷವಿಡೀ ಗೋಡೆಯಲ್ಲಿದ್ದ ಮೊರ ಕೊಟ್ಟೆ. ಅದಕ್ಕೆ ಹೊಸದಾಗಿ ಅರಿಶಿನ ಹಚ್ಚಿ, ಬಾಗಿನದ ಮೇಲೆ ಮುಚ್ಚಿ, ಸೆರಗು ಹೊದಿಸಿ ನೀರಿಗಿಳಿದಳು. ಭಾವ ಅವಳ ಮೊಣಕೈ ಹಿಡಿದುಕೊಂಡರು. ನನ್ನ ಲೆನ್ಸಿನ ಮುಂದೆ ಯಾವ ಗಾಜೂ ಇರಲಿಲ್ಲ, ಬರೀ ಹುಡ್ ಹಾಕಿದ್ದೆ. ರೆಪ್ಪೆ ಬಡಿಯುವ ಮೊದಲೇ ಮುಚ್ಚುವಂತೆ ಶಟರ್ ಇಟ್ಟು, ಒಂದರ ಮೇಲೊಂದು ತೆಗೆಯುತ್ತಲೇ ಹೋದೆ.

"ಕಾಣ್ತಿದೀನೇನೇ?" ಅಂತ ನೀರಿನ ನಡುವಿನಿಂದ ಕೂಗಿದಳು.

"ಕಾಣ್ತಿದೀಯ, ಕಾಣ್ತಿದೀಯ. ಭಾವನ ಕಡೆ ನೋಡ್ಬೇಡ, ಈ ಕಡೆ ನೋಡು!"

ಹನಿಹನಿಯೂ ನಿಂತ ಹಾಗೆ ಬಂದಿದೆ ಆ ಫೋಟೋ. ನಯವಿಲ್ಲ, ನಾಜೂಕಿಲ್ಲ, ಪಕ್ಕದಲ್ಲಿ ಗುಟ್ಕಾ ಚೀಟಿ ಕೂಡ ಇದೆ. ನಡುವೆ ಅಕ್ಕ ಬಾಯಿ ತೆರೆದು ನಗುತ್ತಿದ್ದಾಳೆ.

ದಂಡೆಗೆ ಬಂದು ಸೀರೆಯ ಅಂಚು ಹಿಂಡಿಕೊಳ್ಳುತ್ತಿದ್ದಳು. ನಾನು ಅವಳ ಚೀಲ ಎತ್ತಿದೆ. ಒಳಗೆ ಏನೋ ಗಟ್ಟಿಯಾಗಿ ತಾಗಿತು. ತೆಗೆದು ನೋಡಿದರೆ ಹೊಸ ಮೊರ, ಈ ಸಲದ ಜೊತೆಯ ಮೇಲಿನದು.

"ಅಯ್ಯೋ ಅಕ್ಕಾ, ಇದು ಉಳೀತಲ್ಲೇ! ಕೊಡು, ಓಡಿ ಹೋಗಿ ಬಿಟ್ಟು ಬರ್ತೀನಿ!"

ಅವಳು ತಲೆಯನ್ನೂ ಎತ್ತಲಿಲ್ಲ. ಅಂಚು ಹಿಂಡುತ್ತಲೇ, "ಗೋಡೇಲಿರೋ ಆ ಮೊಳೆ ಕಿತ್ತಿಲ್ಲ ತಾನೆ?" ಅಂದಳು.

ಭಾವ ತಟ್ಟನೆ ಮುಖ ಆ ಕಡೆ ತಿರುಗಿಸಿ ಬೈಕಿನ ಕೀ ಹುಡುಕತೊಡಗಿದರು. ಕೀ ಅವರ ಕೈಯಲ್ಲೇ ಇತ್ತು. ಅಷ್ಟರಲ್ಲಿ ಮತ್ತೆ ಹನಿಯತೊಡಗಿತು. ನಾನು ಮೊರವನ್ನು ಕ್ಯಾಮೆರಾದ ಮೇಲೆ ಅಡ್ಡ ಹಿಡಿದುಕೊಂಡು ಅವರ ಹಿಂದೆ ನಡೆದೆ.